ಬೆರಳ ತುದಿಯ ರಾಗಿಕಾಳು

ಆಪರೇಷನ್ ಆದ ಎಂಟನೇ ದಿನ ಮನೆಗೆ ಹೊಸ ರೇಷ್ಮೆ ಹುಳು ಬಂತು. ಬಲಗೈಯ ಬ್ಯಾಂಡೇಜನ್ನು ಎದೆಗೆ ಒತ್ತಿಕೊಂಡು ನೋಡಲು ಹೋದರೆ ನಮ್ಮತ್ತೆ ಹುಳುಮನೆಯ ಹೊಸ್ತಿಲಲ್ಲೇ ತಡೆದರು.

"ಅಲ್ಲೇ ನಿಂತ್ಕೋ. ಮೈಯೆಲ್ಲಾ ಆಸ್ಪತ್ರೆ ವಾಸ್ನೆ. ಆಮೇಲೆ ಹುಳ ಸೊಪ್ಪು ಮುಟ್ಟಲ್ಲ."

ಯಲ್ದೂರಿನ ಹತ್ತಿರದ ನಮ್ಮ ಮನೆಯಲ್ಲಿ ಇದು ಮೀರುವಂತಿಲ್ಲದ ಕಟ್ಟಳೆ. ಹುಳುವಿಗೆ ಯಾವ ಘಾಟೂ ಆಗದು. ಬೀಡಿ ಸೇದಿದವರು, ಸೆಂಟು ಹಾಕಿದವರು, ನೋವಿಗೆ ಮುಲಾಮು ಹಚ್ಚಿದವರು ಒಳಗೆ ಕಾಲಿಡಬಾರದು. ಇಪ್ಪತ್ತು ವರ್ಷದಿಂದ ನಾನೇ ಎಷ್ಟೋ ಜನರನ್ನು ಹೀಗೆ ಹೊರಗೆ ನಿಲ್ಲಿಸಿದ್ದೇನೆ. ನನ್ನನ್ನೇ ನಿಲ್ಲಿಸಿದಾಗ ಮಾತ್ರ ಮೈ ಉರಿದುಹೋಯಿತು.

ಆ ಕೈ ಹಾಳಾಗಿದ್ದೂ ಹುಳು ಸಾಕಿಯೇ. ದಿನವೂ ಸೊಪ್ಪು ಕೊಯ್ದು ಕೊಯ್ದು ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನಲು ಶುರುವಾಗಿ ಎರಡು ವರ್ಷವಾಗಿತ್ತು. ರಾತ್ರಿ ನಿದ್ದೆಗೆಟ್ಟು ಎದ್ದು ಕೈ ಕೊಡವುತ್ತಿದ್ದೆ, ಸ್ವಲ್ಪ ಹೊತ್ತು ಸರಿಹೋಗುತ್ತಿತ್ತು. ಎಲ್ಲರೂ ವಾಯು ಎಂದರು, ನಾನೂ ವಾಯು ಎಂದುಕೊಂಡೆ. ಮುಲಾಮು ಹಚ್ಚೋಣವೆಂದರೆ ಮನೆಯಲ್ಲಿ ಯಾವಾಗಲೂ ಹುಳು. ಹಾಗೇ ತಡೆದುಕೊಂಡೆ. ಹೋದ ಬೆಳೆಯಲ್ಲಿ ಮೇವು ಬಿಟ್ಟು ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುವಾಗ ನೋಡುತ್ತೇನೆ, ನನ್ನ ಬೆರಳುಗಳ ಮಧ್ಯೆ ಹುಳುಗಳು ನಜ್ಜುಗುಜ್ಜಾಗಿವೆ. ಹಣ್ಣಾದ ಹುಳು ಬಲು ಮೆತ್ತಗೆ. ಎಷ್ಟು ಒತ್ತುತ್ತಿದ್ದೇನೆಂದು ಬೆರಳಿಗೆ ತಿಳಿಯಲೇ ಇಲ್ಲ. ಅಂದು ನಿಜವಾಗಿ ಹೆದರಿದೆ.

ಕೋಲಾರದ ಆಸ್ಪತ್ರೆಯ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ಮಣಿಕಟ್ಟಲ್ಲಿ ನರ ಅಮುಕಿಕೊಂಡಿದೆ, ಅದನ್ನ ಬಿಡಿಸ್ತೀವಿ. ಜುಮ್ಮನ್ನೋದು ಬೇಗ ಹೋಗುತ್ತೆ. ಆದ್ರೆ ತಡವಾಗಿ ಬಂದಿದ್ದೀರಮ್ಮ. ಸ್ಪರ್ಶ ನಿಧಾನವಾಗಿ ಬರುತ್ತೆ. ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ."

ಆ ಕೊನೆಯ ಮಾತನ್ನು ಎದೆಯಲ್ಲಿಟ್ಟುಕೊಂಡೇ ಮನೆಗೆ ಬಂದೆ. ಆಪರೇಷನ್ ಏನೂ ದೊಡ್ಡದಲ್ಲ. ಕೈಗಷ್ಟೇ ಮರಗಟ್ಟುವ ಸೂಜಿ ಕೊಟ್ಟರು, ನಾನು ಎಚ್ಚರವಾಗಿಯೇ ಇದ್ದೆ, ಸಂಜೆಗೆ ಬಸ್ಸು ಹತ್ತಿದೆ. ಮೊದಲ ವಾರದಲ್ಲೇ ನಿದ್ದೆಯೂ ಬಂತು. ಕಷ್ಟವೆಲ್ಲ ಆಮೇಲಿನದು, ಅದೂ ಸಣ್ಣ ಸಣ್ಣ ಕಷ್ಟ. ಊದಿಕೊಳ್ಳಬಾರದೆಂದು ಕೈ ಎತ್ತಿಯೇ ಇಟ್ಟುಕೊಳ್ಳಬೇಕು, ಬೆರಳು ಮಡಿಸಿ ಬಿಚ್ಚುತ್ತಿರಬೇಕು. ಮನೆಯೊಳಗೆಲ್ಲ ಯಾರಿಗೋ ಆಶೀರ್ವಾದ ಮಾಡುವವಳಂತೆ ಓಡಾಡಿದೆ. ನಮ್ಮ ಯಜಮಾನರು ಪಾಪ, ತಾವೇ ಮುದ್ದೆ ತೊಳಸಿ ಗಂಟುಗಂಟು ಮಾಡಿ ಪಕ್ಕದಲ್ಲಿ ಚಮಚ ಇಟ್ಟರು. ಮುದ್ದೆಯನ್ನು ಚಮಚದಲ್ಲಿ ತಿನ್ನುವ ಗತಿ ನನ್ನ ಶತ್ರುವಿಗೂ ಬೇಡ.

ಜಡೆ ಹಾಕಿದವರು, ಸೀರೆ ನೆರಿಗೆ ಹಿಡಿದವರು, ಸಾರು ಕಲಸಿ ಬಾಯಿಗಿಟ್ಟವರು ನಮ್ಮತ್ತೆ. ಹುಳುಮನೆಯ ಬಾಗಿಲಲ್ಲಿ ಪೊಲೀಸಿನವರಂತೆ ನಿಲ್ಲುವ ಹೆಂಗಸು ಮನೆಯೊಳಗೆ ಬಂದರೆ ತಾಯಿ. ಹೊಲಿಗೆ ಬಿಚ್ಚಿದ ಮೇಲೂ ಅಂಗೈಯ ಬುಡ ಮುಟ್ಟಿದರೆ ಜೀವ ಹೋಗುತ್ತಿತ್ತು. ಮಂಚಕ್ಕೆ ಕೈಯೂರಿ ಏಳಲಾಗದು, ಬಟ್ಟೆ ಹಿಂಡಲಾಗದು. ಒಂದು ದಿನ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಅಡುಗೆಮನೆಯಲ್ಲಿ ಕೂತು ಗೊಳೋ ಎಂದು ಅತ್ತುಬಿಟ್ಟೆ. ಹಿಡಿತ ಬರಲು ಎರಡು ಮೂರು ತಿಂಗಳಾಗುತ್ತದೆಂದು ಡಾಕ್ಟರಮ್ಮ ಹೇಳಿದ್ದರೂ ಆ ಹೊತ್ತಿಗೆ ಅದು ನೆನಪಾಗಬೇಕಲ್ಲ. ಪ್ರೀತಿ ಬಂದರೆ ನಮ್ಮತ್ತೆ ತೆಲುಗಿಗೆ ಇಳಿಯುತ್ತಾರೆ. "ಊರ್ಕೋವೇ, ವಸ್ತುಂದಿಲೇ" ಎಂದರು. ಸುಮ್ಮನಿರೇ, ಬರುತ್ತೆ ಬಿಡು ಅಂತ.

ಸ್ಪರ್ಶ ಬಂತೋ ಇಲ್ಲವೋ ನೋಡಲು ಅವರದೇ ಒಂದು ಪರೀಕ್ಷೆ ಇತ್ತು. ಬೆಳಿಗ್ಗೆ ಕಾಫಿ ಆದ ಮೇಲೆ ನನ್ನನ್ನು ಜಗಲಿಯಲ್ಲಿ ಕೂರಿಸಿ ಕಣ್ಣು ಮುಚ್ಚು ಎನ್ನುವರು. ಮೊರದಿಂದ ಒಂದು ರಾಗಿಕಾಳು ತೆಗೆದು ನನ್ನ ನಡುಬೆರಳ ತುದಿಗೆ ಇಡುವರು. ಇಡುವಾಗ ನಾಲ್ಕು ಕಾಳು ನೆಲಕ್ಕೆ ಚೆಲ್ಲುತ್ತಿದ್ದವು. "ಹಾಳು ಕಣ್ಣು ಮಂಜಾಗೈತೆ" ಎಂದು ಬೈದುಕೊಳ್ಳುವರು.

"ಇಟ್ಟೆ. ಗೊತ್ತಾಯ್ತಾ?"

"ಇಲ್ಲ ಅತ್ತಮ್ಮ."

ದಿನವೂ ಇದೇ. ಒಂದು ದಿನ ಸಿಟ್ಟಿನಿಂದ ಮೊರವನ್ನೇ ತಳ್ಳಿ ಎದ್ದುಹೋದೆ. ಅವರು ಚೆಲ್ಲಿದ ರಾಗಿಯನ್ನು ಬಳಿದುಕೊಂಡರು. ನಾಲ್ಕನೇ ವಾರ, ಕಣ್ಣು ಮುಚ್ಚಿ ಕೂತವಳಿಗೆ ಬೆರಳ ತುದಿಯಲ್ಲಿ ಏನೋ ಸಣ್ಣಗೆ ಚುಚ್ಚಿದಂತಾಯಿತು. "ಇಟ್ರಿ!" ಎಂದು ಕೂಗಿದೆ. ಕಣ್ಣು ಬಿಟ್ಟರೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಅದೇ ವಾರ ಹುಳು ಹಣ್ಣಾಯಿತು. ಹಣ್ಣಾದ ಹುಳು ಯಾರನ್ನೂ ಕಾಯುವುದಿಲ್ಲ, ಮನೆಯವರೆಲ್ಲ ಕೈಹಾಕಬೇಕು. ಅತ್ತೆ ಬಾಗಿಲಿಗೆ ಬಂದು, "ಬಾ ಒಳಗೆ" ಎಂದರು.

"ಯಾಕೆ, ಇವತ್ತು ವಾಸ್ನೆ ಬರಲ್ವಾ?" ಎಂದೆ, ಕೊಂಕು ಬಿಡದೆ.

"ವಾಸ್ನೆ ಹೊಲಿಗೆ ಬಿಚ್ಚಿದ ದಿನವೇ ಹೋಯ್ತು ಕಣೇ. ನಿನ್ನ ಒಳಗೆ ಬಿಟ್ಟಿದ್ರೆ ಸುಮ್ನೆ ಕೂತಿರ್ತಿದ್ದಾ? ಸೊಪ್ಪಿನ ಮಂಕರಿ ಎತ್ತೋಕೆ ಹೋಗ್ತಿದ್ದೆ."

ಅವರ ಎದುರಿಗೆ ಕೂತು ಆರಿಸಲು ಶುರುಮಾಡಿದೆ. ನಡುಬೆರಳು ಇನ್ನೂ ಅರ್ಧ ಹತ್ತಿ ಸುತ್ತಿದಂತಿತ್ತು, ಆದರೂ ಹುಳುವಿನ ತಣ್ಣನೆಯ ಮೈ ಹೆಬ್ಬೆರಳಿಗೆ ತಿಳಿಯುತ್ತಿತ್ತು. ನಿಧಾನವಾಗಿ, ಮಧ್ಯೆ ಮಧ್ಯೆ ಕೈಗೆ ಬಿಡುವು ಕೊಟ್ಟು ಒಂದು ಚಂದ್ರಿಕೆ ತುಂಬಿಸಿದೆ. ಒಂದು ಹುಳುವೂ ಸಾಯಲಿಲ್ಲ. ಖುಷಿಯಿಂದ ಅತ್ತೆಗೆ ತೋರಿಸೋಣವೆಂದು ತಲೆ ಎತ್ತಿದೆ.

ಅವರ ಚಂದ್ರಿಕೆಯ ಮೇಲೆ ಅಲ್ಲಲ್ಲಿ ಒದ್ದೆಯಾಗಿತ್ತು. ನಜ್ಜಾದ ಹುಳುಗಳು. ಬೆರಳಿಂದ ಜಾರಿದ ಎರಡು ಹುಳು ಅವರ ಕಾಲ ಬಳಿ ಬಿದ್ದಿದ್ದವು, ಅದರ ಪರಿವೆಯೇ ಇಲ್ಲದೆ ಖಾಲಿ ಬೆರಳನ್ನು ಚಂದ್ರಿಕೆಗೆ ಒಯ್ಯುತ್ತಿದ್ದರು. ಮಧ್ಯೆ ಒಮ್ಮೆ ನಿಲ್ಲಿಸಿ ಕೈ ಕೊಡವಿಕೊಂಡರು. ಎರಡು ವರ್ಷ ನಾನು ಕೊಡವಿದ್ದೂ ಹಾಗೆಯೇ. ಈ ತಿಂಗಳಿಡೀ ನನ್ನ ಪಾಲಿನ ಸೊಪ್ಪನ್ನೂ ಕೊಯ್ದದ್ದು ಆ ಕೈಯೇ. ಜಗಲಿಯಲ್ಲಿ ಚೆಲ್ಲುತ್ತಿದ್ದ ರಾಗಿಯೂ ನೆನಪಿಗೆ ಬಂತು. ಬರೀ ಕಣ್ಣು ಮಂಜಾಗಿ ಚೆಲ್ಲಿದ್ದಲ್ಲ ಅದು.

ಮರುದಿನ ಬೆಳಿಗ್ಗೆ ಕಾಫಿ ಆದ ಮೇಲೆ ಮೊರ ತಂದು ನಾನೇ ಅವರನ್ನು ಜಗಲಿಯಲ್ಲಿ ಕೂರಿಸಿದೆ. "ಇವತ್ತು ನಿಮ್ಮ ಸರದಿ. ಕಣ್ಣು ಮುಚ್ಚಿ ಅತ್ತಮ್ಮ" ಎಂದೆ. "ನನಗೇನಾಗೈತೆ?" ಎಂದು ಅವರು ನಗುತ್ತಲೇ ಮುಚ್ಚಿದರು. ಅವರ ಬಲಗೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಬೆರಳು ಬಿಡಿಸಿದೆ. ಎಡಗೈಯನ್ನು ಮೊರಕ್ಕೆ ಹಾಕಿದೆ.

"ಅದೇನು ಕಾಯಿಸ್ತೀಯೇ? ಒಳಗೆ ಕೆಲಸ ಬಿದ್ದೈತೆ. ಇಡೇ ಬೇಗ" ಎಂದರು.

ಅವರ ನಡುಬೆರಳ ತುದಿಯಲ್ಲಿ ಆಗಲೇ ಮೂರು ಕಾಳಿದ್ದವು.