ಎತ್ತಬಾರದ ಫೋನು

ನಾನು ಕೊಟ್ಟೂರಿನ ಈ ಮನೆಯ ಹಿರಿಯ ಸೊಸೆ. ಅಡುಗೆಯ ಉಪ್ಪಿನಿಂದ ಮಕ್ಕಳ ಮದುವೆಯವರೆಗೆ ಇಲ್ಲಿ ನನ್ನ ಮಾತೇ ನಡೆದಿದೆ. ನಡೆಯದೇ ಹೋದದ್ದು ಇವತ್ತು ಟ್ರಂಕಿನ ತಳದಲ್ಲಿ ಸಿಕ್ಕ, ಗುಂಡಿ ಸವೆದ ಈ ಹಳೇ ಮೊಬೈಲಿನ ವಿಷಯದಲ್ಲಿ ಮಾತ್ರ.

ಆಗ ನಮ್ಮ ಓಣಿಗೆ ಅದೊಂದೇ ಫೋನು. ಯಜಮಾನರು ಅಂಗಿ ಜೇಬಿನಿಂದ ಅದನ್ನು ಇಳಿಸುತ್ತಿರಲಿಲ್ಲ. ನೆಂಟರು ಮಿಸ್ಡ್ ಕಾಲ್ ಕೊಡುವುದು, ನಾವು ಎತ್ತದೆ ತಿರುಗಿ ಮಾಡುವುದು ವಾಡಿಕೆ. ಎತ್ತಿದರೆ ಅವರ ದುಡ್ಡು ಹೋಗುತ್ತದಲ್ಲ! ಹರಪನಹಳ್ಳಿಯಲ್ಲಿ ಮಗಳು ಎರಡನೇ ಹೆರಿಗೆಗೆ ದಿನ ತುಂಬಿ ಕೂತಿದ್ದಳು. ಒಂದು ಮಧ್ಯಾಹ್ನ ಫೋನು ಬಿಡದೆ ಬಡಿದುಕೊಂಡಿತು.

"ಎತ್ರಿ, ಮಗಳ ಮನೀದಿರಬೇಕು" ಎಂದೆ.

"ಸುಮ್ನಿರು, ಬೀಗರ ದುಡ್ಡು ಯಾಕ ಹಾಳ ಮಾಡ್ತಿ? ನಾವ ಮಾಡಿದ್ರಾತು" ಎಂದರು. ಮಾಡಲು ನೋಡಿದರೆ ನಮ್ಮ ಕರೆನ್ಸಿ ಮುಗಿದಿತ್ತು.

ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಮೊಮ್ಮಗಳು ಹುಟ್ಟಿದ್ದಳು. ಬಾಗಿಲಲ್ಲೇ ಮಗಳ ಅತ್ತೆ, "ಏನ್ರಿ ಬೀಗರ, ಫೋನು ಪೂಜಿಗೆ ಇಟ್ಟೀರೇನು?" ಎಂದರು. ಒಳಗೆ ಮಗಳು, "ಅವ್ವಾ, ನಿನ್ನ ಕರಸ್ರಿ ಅಂತ ಎಷ್ಟು ಒದರಿದ್ನಿ" ಎಂದು ಗೋಡೆ ಕಡೆ ತಿರುಗಿದಳು.

ಬೀಗರೆಲ್ಲ ನೋಡುತ್ತಿದ್ದಂತೆಯೇ ಯಜಮಾನರ ಜೇಬಿಗೆ ಕೈಹಾಕಿ ಫೋನು ತೆಗೆದು, ನನ್ನ ಎಲೆಅಡಿಕೆ ಸಂಚಿಗೆ ಹಾಕಿಕೊಂಡೆ. ಫೋನುಗಳು ಎಷ್ಟೋ ಬದಲಾದವು. ಸಂಚಿ ಬದಲಾಗಿಲ್ಲ. ಯಾರದೇ ಬರಲಿ, ಮೊದಲ ರಿಂಗಿಗೇ ಎತ್ತುತ್ತೇನೆ.