ಐದು ಅಕ್ಷರಗಳ ಅಂದಾನೆಪ್ಪನವರು

ಆಕಾಶದಲ್ಲಿ ವಿಮಾನ ಹೋದರೆ ತಲೆ ಎತ್ತಿ ನೋಡುವವರು ನಮ್ಮಲ್ಲಿ ಬಹಳ. ಅದು ಯಾವ ದೇಶದ್ದು, ಯಾರ ಒಡೆತನದ್ದು, ಹಾರುವ ಹಕ್ಕು ಅದಕ್ಕಿದೆಯೇ ಎಂದು ಕೇಳುವವರು ಕಡಿಮೆ. ಆ ಕಡಿಮೆ ಜನರ ಸಾಲಿನಲ್ಲಿ ಮುಂದೆ ನಿಲ್ಲುವವರು ಶ್ರೀ ಅಂದಾನೆಪ್ಪ ಯಾವಗಲ್ ಅವರು. ದೆಹಲಿಯ ವಿಮಾನ ನೋಂದಣಿ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ದುಡಿದು, ಕಿರಿಯ ಗುಮಾಸ್ತರಾಗಿ ಒಳಹೊಕ್ಕ ಬಾಗಿಲಿನಿಂದಲೇ ಹಿರಿಯ ಅಧಿಕಾರಿಯಾಗಿ ಹೊರಬಂದು, ಈಗ ರೋಣ ತಾಲ್ಲೂಕಿನ ತಮ್ಮೂರು ಯಾವಗಲ್ಲಿಗೆ ಮರಳಿದ್ದಾರೆ.

ಅಲ್ಲಿ ಅವರು ಕಾಪಾಡಿಕೊಂಡು ಬಂದದ್ದು ಒಂದು ಪಟ್ಟಿಯನ್ನು. ದೇಶದ ಪ್ರತಿಯೊಂದು ನಾಗರಿಕ ವಿಮಾನಕ್ಕೂ ಅದರಲ್ಲಿ ಒಂದು ಪುಟ: ಕಟ್ಟಿದವರು ಯಾರು, ಕಾರ್ಖಾನೆಯ ಕ್ರಮಸಂಖ್ಯೆ ಯಾವುದು, ಒಡೆಯರು ಯಾರು. ಮಾರಿದರೆ ಒಡೆಯರ ಹೆಸರು ಬದಲಾಗಬೇಕು, ಗುಜರಿಗೆ ಹೋದರೆ ಪುಟಕ್ಕೆ ಗೀಟು ಬೀಳಬೇಕು. "ಹುಟ್ಟು, ಮದುವಿ, ಸಾವು, ಮೂರೂ ನಮಗ ತಿಳಿಸಿ ಆಗ್ಬೇಕು" ಎಂದು ನಗುತ್ತಿದ್ದ ಅವರು ಆ ಪಟ್ಟಿಯಲ್ಲಿ ಒಂದು ಚುಕ್ಕೆ ಆಚೀಚೆಯಾದರೂ ಊಟ ಬಿಟ್ಟು ಹುಡುಕುತ್ತಿದ್ದರೆಂದು ಸಹೋದ್ಯೋಗಿಗಳು ಅವರ ಈ ಅಭಿನಂದನ ಸಂಪುಟದಲ್ಲಿಯೇ ಬರೆದಿದ್ದಾರೆ. ಗಜೇಂದ್ರಗಡದ ಪೇಂಟರ್ ಸುಭಾನಸಾಬರಿಗೆ ಲೇಖನ ಬರೆದು ಗೊತ್ತಿಲ್ಲ. ಅವರದು ಕುಂಚದ ಅಕ್ಷರ. ಅವರ ಕೃತಜ್ಞತೆ ಸಂಪುಟದ ಹೊರಗುಳಿಯಬಾರದೆಂದು ಅದನ್ನು ಇಲ್ಲಿ ಬರೆದಿಡಲಾಗಿದೆ.

ಇಪ್ಪತ್ತು ವರ್ಷದ ಹಿಂದೆ ರೋಣ, ನರಗುಂದ, ಗಜೇಂದ್ರಗಡಗಳ ನಡುವೆ ಓಡಾಡುವ ಯಾವ ಟ್ರ್ಯಾಕ್ಟರಿನ ಹಿಂದೆ ನಿಂತರೂ ಸುಭಾನಸಾಬರ ಕೈ ಕಾಣುತ್ತಿತ್ತು. ಅಕ್ಷರಕ್ಕೆ ಕೆಂಪು ನೆರಳು, ನೆರಳಿಗೆ ಹಳದಿ ಅಂಚು, ಅಂಚಿನ ಸುತ್ತ ಮಲ್ಲಿಗೆ ಬಳ್ಳಿ, ಮೂಲೆಗೊಂದು ನವಿಲು. ದೇವರ ಹೆಸರು ದೊಡ್ಡದು, ಒಡೆಯನ ಹೆಸರು ಅದಕ್ಕಿಂತ ತುಸು ಸಣ್ಣದು, ಸರಕಾರದ ನಂಬರು ಎಲ್ಲೋ ಕೆಳಗೆ, ಕರೆಯದ ನೆಂಟನಂತೆ. ಇದು ಈ ಭಾಗದ ರೂಢಿ. ಹೀಗೆ ಬರೆಯದಿದ್ದರೆ ರೈತರು ಟ್ರೇಲರನ್ನು ಮನೆಗೆ ಒಯ್ಯುತ್ತಲೇ ಇರಲಿಲ್ಲ.

ಆ ವರ್ಷ ಜಿಲ್ಲೆಯಾಚೆ ಒಬ್ಬ ಹತ್ತಿ ವ್ಯಾಪಾರಿ ವಿಮಾನ ಕಲಿಸುವ ಖಾಸಗಿ ಶಾಲೆ ತೆರೆದು, ಇಬ್ಬರು ಕೂರುವ ಹಳೆಯದೊಂದು ವಿಮಾನ ತಂದ. ಅದಕ್ಕೆ ಹೊಸ ಬಣ್ಣ ಬಳಿದು ನೋಂದಣಿ ಅಕ್ಷರಗಳನ್ನು ಬರೆಸಬೇಕಿತ್ತು. ಪೇಟೆಯ ಪೇಂಟರರು ಕೇಳುವಷ್ಟು ಹಣ ಯಾರು ಕೊಡುತ್ತಾರೆ ಎಂದು ಆತ ಸುಭಾನಸಾಬರನ್ನು ಕರೆಸಿ, ಐದು ಇಂಗ್ಲಿಷ್ ಅಕ್ಷರ ಬರೆದ ಚೀಟಿ ಕೈಗಿಟ್ಟು, "ಚಂದಾಗಿ ಬರೀರಿ" ಎಂದಷ್ಟೇ ಹೇಳಿ ಹೋದ. ಚಂದಾಗಿ ಎಂದ ಮೇಲೆ ಸುಭಾನಸಾಬರನ್ನು ತಡೆಯುವವರುಂಟೆ? ಮೂರೇ ದಿನದಲ್ಲಿ ವಿಮಾನ ಮದುಮಗಳಾಯಿತು. ಬಾಲದ ಮೇಲೆ ನವಿಲು, ಮೈತುಂಬ ಬಳ್ಳಿ, ವ್ಯಾಪಾರಿಯ ಮನೆದೇವರ ಹೆಸರು ಎರಡು ಮೊಳ. ಚೀಟಿಯ ಐದು ಅಕ್ಷರಗಳು ನವಿಲಿನ ಗರಿಯ ಕೆಳಗೆ, ಬಾಗಿ ಬಳುಕಿ, ಕೆಂಪು ನೆರಳಿನೊಂದಿಗೆ ಗೇಣುದ್ದ ಕೂತಿದ್ದವು.

ತಪಾಸಣೆಗೆ ಬಂದ ಅಧಿಕಾರಿ ವಿಮಾನವನ್ನು ಒಂದು ಸುತ್ತು ಹಾಕಿ, ಗುರುತಿನ ಅಕ್ಷರ ನಿಯಮದ ಅಳತೆಯಲ್ಲಿಲ್ಲ, ಹಾರಕೂಡದು ಎಂದು ಬರೆದುಕೊಟ್ಟು ಹೋದರು. ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ತಾನು ಅಳತೆ ಹೇಳಿರಲಿಲ್ಲ ಎಂಬುದನ್ನು ಮರೆತು, ಸರಕಾರದ ಗುರುತು ಕೆಡಿಸಿದವನ ಮೇಲೆ ಪೊಲೀಸ್ ಕೇಸು ಹಾಕುತ್ತೇನೆ ಎಂದು ಹತ್ತು ಜನರೆದುರು ಕೂಗಾಡಿದ.

ಸುಭಾನಸಾಬರು ಮನೆಗೆ ಬಂದವರೇ ಕುಂಚಗಳನ್ನೆಲ್ಲ ಅರಿವೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಜೈಲಿನ ಹೆದರಿಕೆ ಒಂದು ಕಡೆ. ಅದಕ್ಕಿಂತ ಹೆಚ್ಚು ಸುಟ್ಟದ್ದು, ಮೂವತ್ತು ವರ್ಷ ಎಲ್ಲರೂ ಹೊಗಳಿದ ಕೈ ಒಂದೇ ದಿನದಲ್ಲಿ ತಪ್ಪಿತಸ್ಥ ಕೈಯಾದದ್ದು. ಎಂಟು ದಿನ ಅವರು ಬಣ್ಣ ಮುಟ್ಟಲಿಲ್ಲ. ಒಂಬತ್ತನೆಯ ದಿನ ಹೆಂಡತಿ ಖಾಜಾಬಿ ತಡೆಯಲಾರದೆ ಬಾಯಿಬಿಟ್ಟರು.

"ಯಾವಗಲ್ಲಿನ ಅಂದಾನೆಪ್ಪನವ್ರು ವಿಮಾನದ ಆಫೀಸಿನ್ಯಾಗ ಅದಾರಂತ. ತಮ್ಮನ ಮಗಳ ಮದುವಿಗೆ ಬಂದಾರಂತ. ಹೋಗಿ ಕೇಳ್ರಿ, ಕಾಲು ಸವದು ಹೋಗಂಗಿಲ್ಲ."

ಮದುವೆ ಮುಗಿದ ಮರುದಿನ ಬೆಳಗಿನ ಬಸ್ಸಿಗೆ ಸುಭಾನಸಾಬರು ಯಾವಗಲ್ಲಿಗೆ ಹೋದರು. ಕಟ್ಟೆಯ ಮೇಲೆ ಕೂತಿದ್ದ ಅಂದಾನೆಪ್ಪನವರು ಪೂರ್ತಿ ಕೇಳಿಸಿಕೊಂಡರು. ನವಿಲಿನ ಮಾತು ಬಂದಾಗ ನಗು ಬಂದರೂ ನಗಲಿಲ್ಲ.

"ಒಂದು ಫೋನ್ ಮಾಡಿ ಬಿಡಸ್ರಿ ಸಾಹೇಬ್ರ" ಎಂದರು ಸುಭಾನಸಾಬರು.

"ಅದೊಂದು ಆಗೂದಿಲ್ರಿ. ನಮ್ಮಪ್ಪ ಬಂದು ಕೇಳಿದ್ರೂ ಒಂದು ಅಕ್ಷರ ಒಂದು ಬೆರಳು ಸಣ್ಣ ಮಾಡಾಕ ನಾ ಒಪ್ಪೂದಿಲ್ಲ. ಕೇಸು ಅಂತೂ ಆಗಂಗಿಲ್ಲ, ಅಂಜಬ್ಯಾಡ್ರಿ. ಗುರುತು ಬರಸೂ ಜವಾಬ್ದಾರಿ ಒಡ್ಯಾಂದು, ನಿಮ್ಮದಲ್ಲ. ಖರೇ ಅಂದ್ರ, ಅದು ಯಾಕ ಹಂಗ ಇರಬೇಕು ಅಂತ ನಿಮಗ ಯಾರೂ ಹೇಳೇ ಇಲ್ಲ. ಕೂಡ್ರಿ."

ಚಹಾ ತರಿಸಿ ಅವರು ಹೇಳಿದರು: "ನಮ್ಮ ಮುತ್ಯಾನ ಮುತ್ಯಾ ನರಗುಂದದ ಕಡೆ ಕುದರಿಗೋಳಿಗೆ ಮುದ್ರಿ ಒತ್ತತಿದ್ನಂತ, ಸಾವಿರದೆಂಟುನೂರಾ ಐವತ್ತರ ಸುಮಾರಿನ್ಯಾಗ. ಮೊದಲ ಯಾರ ಲಾಯದ್ದು ಅನ್ನೂ ಗುರುತು, ಆಮ್ಯಾಲ ಯಾವ ಕುದರಿ ಅನ್ನೂ ಗುರುತು. ಇದೂ ಹಂಗಽ. ಮೊದಲಿನ ವಿ, ಟಿ ಅಂದ್ರ ನಮ್ಮ ದೇಶದ್ದು. ಗೀಟಿನ ಆಚಿ ಮೂರು ಅಕ್ಷರ ಅದರ ಸ್ವಂತ ಹೆಸರು. ಜಗತ್ತಿನ್ಯಾಗ ಇವತ್ತು ಹಾರೂ ಇನ್ನೊಂದು ವಿಮಾನಕ್ಕ ಆ ಐದು ಅಕ್ಷರ ಇರೂದಿಲ್ಲ."

ಒಂದು ಗುಟುಕು ಚಹಾ ಕುಡಿದು ಮುಂದುವರಿಸಿದರು: "ನಾ ನೌಕರಿಗೆ ಸೇರಿದ ಹೊಸದರಾಗ ಒಂದು ಸಣ್ಣ ವಿಮಾನ ಬಿತ್ರಿ. ಉಳದದ್ದು ಬಾಲದ ತುಂಡು ಅಷ್ಟ. ಅದರ ಮ್ಯಾಲಿನ ಕಡೀ ಅಕ್ಷರಕ್ಕ ಯಾರೋ ಚಂದ ಕಾಣಲಿ ಅಂತ ಬಾಲ ಬರದಿದ್ರು. ಒಂದು ಅಕ್ಷರ ಇನ್ನೊಂದಾಗಿ ಕಂಡು, ಸುದ್ದಿ ಬ್ಯಾರೆ ಮನಿಗೆ ಹೋತು. ಒಂದು ಹಗಲು ಪೂರ್ತಿ, ಬದುಕಿದ್ದ ಮಗನ ಸಲುವಾಗಿ ಒಬ್ಬ ತಾಯಿ ಅತ್ತಳು. ಸತ್ತವನ ತಾಯಿ ಅವತ್ತು ಹಬ್ಬದ ಹೋಳಿಗಿ ಮಾಡ್ಕೊಂತ ಕುಂತಿದ್ದಳು."

ಸುಭಾನಸಾಬರ ಕೈಯ ಚಹಾ ಆರಿಹೋಯಿತು. ಬೈಗುಳಕ್ಕೆ ಅವರು ಸಿದ್ಧರಾಗಿ ಬಂದಿದ್ದರು, ಈ ಮಾತಿಗೆ ಅಲ್ಲ. ಲೋಟ ಬದಿಗಿಟ್ಟು, "ಹ್ಯಾಂಗ ಬರೀಬೇಕು, ತೋರಸ್ರಿ" ಎಂದಷ್ಟೇ ಹೇಳಿದರು.

ಅಂದಾನೆಪ್ಪನವರಿಗೆ ಉಳಿದದ್ದು ನಾಲ್ಕು ದಿನದ ರಜೆ. ಎರಡು ದಿನ ವಿಮಾನ ಶಾಲೆಯ ಬಿಸಿಲಿನಲ್ಲಿ ಕಳೆದವು. ಮದುವೆಮನೆಯವರು ಹುಡುಕಿಕೊಂಡು ಬರುವಷ್ಟರಲ್ಲಿ ದೆಹಲಿಯ ಆ ಅಧಿಕಾರಿ ಪಂಚೆ ಎತ್ತಿ ಕಟ್ಟಿ, ಸುಣ್ಣದ ದಾರದ ಒಂದು ತುದಿ ತಾವು ಹಿಡಿದು, ಇನ್ನೊಂದನ್ನು ಸುಭಾನಸಾಬರ ಕೈಗೆ ಕೊಟ್ಟು ನಿಂತಿದ್ದರು. ಮೈಮೇಲಿನ ಅಕ್ಷರ ಮೂವತ್ತು ಸೆಂಟಿಮೀಟರ್ ಎತ್ತರ, ಅದರ ಮೂರರಲ್ಲಿ ಎರಡು ಪಾಲು ಅಗಲ, ಆರರಲ್ಲಿ ಒಂದು ಪಾಲು ದಪ್ಪ. ರೆಕ್ಕೆಯ ಕೆಳಗಿನದು ಐವತ್ತು, ನೆಲದಲ್ಲಿ ನಿಂತವರಿಗೆ ಕಾಣಬೇಕಲ್ಲ. ನೆರಳಿಲ್ಲ, ಬಾಲವಿಲ್ಲ, ಬಳ್ಳಿಯಿಲ್ಲ. ಲೆಕ್ಕವನ್ನು ಸುಭಾನಸಾಬರು ಒಂದೇ ಸಲಕ್ಕೆ ಹಿಡಿದರು. ಬೋಳು ಅಕ್ಷರ ಬರೆಯುವುದು ಮಾತ್ರ ಅವರಿಗೆ ನವಿಲಿಗಿಂತ ಕಷ್ಟವಾಯಿತು. ಬಳ್ಳಿಯಲ್ಲಿ ಕೈ ತಪ್ಪಿದರೆ ಇನ್ನೊಂದು ಎಲೆ ಬರೆದು ಮುಚ್ಚಬಹುದು, ನೆಟ್ಟನೆಯ ಗೀಟಿನಲ್ಲಿ ಮುಚ್ಚಲು ಜಾಗವಿಲ್ಲ. ಎರಡು ಸಲ ಅಳಿಸಿ ಮೂರನೆಯ ಸಲ ಬರೆದರು. ನವಿಲನ್ನು ತಮ್ಮ ಕೈಯಾರೆ ಉಜ್ಜಿ ತೆಗೆಯುವಾಗ ಕಣ್ಣಲ್ಲಿ ನೀರು ಬಂತು. ಅಂದಾನೆಪ್ಪನವರು ಅದನ್ನು ಕಂಡೂ ಕಾಣದವರಂತೆ ದಾರ ಸುತ್ತುತ್ತ ಆಚೆ ಸರಿದರು.

ಮರುತಪಾಸಣೆಗೆ ಅವರು ನಿಲ್ಲಲಿಲ್ಲ. ತಮ್ಮ ಇಲಾಖೆಯ ಕೆಲಸದಲ್ಲಿ ತಮ್ಮ ಮುಖದ ದಾಕ್ಷಿಣ್ಯ ಬರಬಾರದೆಂದು ಹಿಂದಿನ ದಿನವೇ ರೈಲು ಹತ್ತಿದರು. ಬಂದ ಅಧಿಕಾರಿ ಅಳತೆಪಟ್ಟಿ ಹಿಡಿದು ಪ್ರತಿ ಅಕ್ಷರವನ್ನೂ ಅಳೆದು, ತಿರುಗಿ, "ಇದನ್ನ ಬರೆದವರು ಯಾರು?" ಎಂದರು. ವ್ಯಾಪಾರಿ ತಡವರಿಸಿದ. ಸುಭಾನಸಾಬರು ಗೋಡೆಯ ಮರೆಯಲ್ಲಿ ನಿಂತಿದ್ದರು. ಅದೇ ಅಧಿಕಾರಿ, ಅದೇ ವಿಮಾನ, ಅದೇ ಕೈ. ಓಡಿಹೋಗಲು ಗೇಟು ತೆರೆದೇ ಇತ್ತು.

"ನಾನಽ ಬರದೇನ್ರಿ" ಎಂದು ಅವರು ಮುಂದೆ ಬಂದರು. "ಮೊದಲಿಂದೂ ನಂದಽ. ಇದೂ ನಂದಽ."

ಅಧಿಕಾರಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ, ಇನ್ನೂ ಎರಡು ಊರಿನ ವಿಮಾನ ಶಾಲೆಗಳಿಗೆ ಕೊಡಲು ಅವರ ವಿಳಾಸ ಬರೆದುಕೊಂಡರು. ಆ ಸಂಜೆ ಅಟ್ಟದ ಗಂಟು ಕೆಳಗಿಳಿಯಿತು. ಅಂದಿನಿಂದ ಈವರೆಗೆ ಸುಭಾನಸಾಬರು ಹದಿನಾಲ್ಕು ವಿಮಾನಗಳಿಗೆ ಅಕ್ಷರ ಬರೆದಿದ್ದಾರೆ.

ನಿಯಮವನ್ನು ಮುರಿಯದೆಯೂ ಮನುಷ್ಯನನ್ನು ಉಳಿಸಬಹುದೆಂದು ತೋರಿದ ಅಂದಾನೆಪ್ಪನವರು ಈಗ ಊರಲ್ಲೇ ಇದ್ದಾರೆ. ದೊಡ್ಡ ಪಟ್ಟಿ ಕೈಬಿಟ್ಟರೂ ಕೆಲಸ ಬಿಟ್ಟಿಲ್ಲ. ರಾಜೂರ, ಬೆಳವಣಕಿಗಳಿಂದ ಸರಕಾರಿ ಅರ್ಜಿ ಹಿಡಿದು ಬರುವವರಿಗೆ ಅದೇ ಕಟ್ಟೆಯ ಮೇಲೆ ಚಹಾ ಕೊಟ್ಟು ತಿಳಿಸಿ ಹೇಳುತ್ತಾರೆ. ಆ ಕಟ್ಟೆ ಎಂದೂ ಬರಿದಾಗದಿರಲಿ, ಅವರ ಕಣ್ಣು ಕೈಗಳಿಗೆ ದಣಿವು ಬಾರದಿರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಸಂಪುಟಕ್ಕೆ ನಿಮ್ಮದೂ ಒಂದು ಮಾತು ಹೇಳಿರೆಂದು ಕೇಳಿದಾಗ ಸುಭಾನಸಾಬರು ಬಹಳ ಯೋಚಿಸಿ, "ನಂದು ಉಳದ ಆಯುಷ್ಯದಾಗ ಎರಡು ವರ್ಷ ಅಲ್ಲಾ ಅವ್ರಿಗೆ ಕೊಡ್ಲಿ" ಎಂದರು.

ಒಳಗಿನಿಂದ ಖಾಜಾಬಿಯ ದನಿ ಬಂತು: "ಎರಡಽ ಯಾಕ? ಕುಂಚ ಅಟ್ಟದಾಗ ಇಟ್ಟು ಕುಂತಿದ್ರ ನೀವು ಆ ವರ್ಷಽ ಕೊರಗಿ ಸತ್ತಿರ್ತಿದ್ರಿ. ಅರ್ಧ ಕೊಡ್ರಿ."