ಹಿಟ್ಟಿನ ಕಿಟಕಿ

ಕುದಿಯುವ ನೀರಿಗೆ ಬಿದ್ದ ರಾಗಿ ಹಿಟ್ಟಿನ ಹಸಿ ವಾಸನೆ ಹೋಗಿ ಬೆಂದ ವಾಸನೆ ಏಳುವ ಮುಂಚೆ, ನನ್ನ ಕೈ ತಾನಾಗಿ ಮುದ್ದೆ ಕೋಲಿನಿಂದ ಹಿಟ್ಟಿನ ಮೇಲೆ ಎರಡು ಗೀರು ಎಳೆಯುತ್ತದೆ. ಉದ್ದಕ್ಕೊಂದು, ಅಡ್ಡಕ್ಕೊಂದು. ಅತ್ತೆ ಕಲಿಸಿದ್ದು. ನಿನ್ನೆ ಗೀರು ಎಳೆದವಳು ಆ ವಾಸನೆಯಲ್ಲಿ ಹಾಗೇ ನಿಂತುಬಿಟ್ಟೆ... ಮೇಸ್ತ್ರಿ ನೆನಪಾದರು.

ಅರವತ್ತರ ದಶಕದ ಮೊದಲಿಗೆ ನಾವು ಬಂಗಾರಪೇಟೆಯಲ್ಲಿ ಮನೆ ಕಟ್ಟಿಸಿದಾಗ ಕಲ್ಲುಕೆಲಸ ಅವರದು. ಉರಿಗಾಂನಲ್ಲಿ ಚಿನ್ನದ ಗಣಿ ಕೆಲಸಗಾರರ ಸಾಲು ಸಾಲು ಲೈನ್ ಮನೆಗಳನ್ನು ಕಟ್ಟಿ ಕಟ್ಟಿ ನಿವೃತ್ತರಾದವರು. ದಿನವೂ ಬೆಳಗಿನ ರೈಲಿಗೆ ಬಂದಿಳಿಯುತ್ತಿದ್ದರು.

"ಮೂವತ್ತು ವರ್ಸ ಒಂದೇ ಮನೇನ ಕಟ್ದೆ ಕಣಮ್ಮಾ. ಅದೇ ಬಾಗ್ಲು, ಅದೇ ಕಿಟ್ಕಿ. ನಂದು ಅಂತ ಒಂದ್ ಕಲ್ಲೂ ಇಲ್ಲ," ಅನ್ನುತ್ತಿದ್ದರು.

ಅವರ ಅಂಗಿ ಜೇಬಿನಲ್ಲಿ ಸದಾ ಒಂದು ಚಿತ್ರದ ಕಾರ್ಡು. ಗಣಿಯಲ್ಲಿ ಕೆಲವು ಕಾಲ ಇದ್ದ ಫ್ರಾನ್ಸಿನ ಇಂಜಿನಿಯರೊಬ್ಬ ತನ್ನೂರಿಗೆ ಮರಳಿದ ಮೇಲೆ ಕಳಿಸಿದ್ದಂತೆ. ಅವನ ಹಳ್ಳಿಯ ಬೀದಿಯಲ್ಲಿ ನಾನೂರು ವರ್ಷದಿಂದ ನಿಂತಿರುವ ಕಲ್ಲಿನ ಮನೆ. ಅಗಲ ಕಡಿಮೆ, ಮೂರು ಅಂತಸ್ತು, ಬಾಗಿಲ ಮೇಲೆ ಬಳ್ಳಿಯ ಕೆತ್ತನೆ. ಪ್ರತಿ ಕಿಟಕಿಯಲ್ಲೂ ಉದ್ದದ ಕಲ್ಲುಪಟ್ಟಿಗೆ ಅಡ್ಡಪಟ್ಟಿ ಕೂಡಿ ನಾಲ್ಕು ಕಂಡಿ.

"ಆ ಕಿಟ್ಕೀನ ಮನೆ ಯಜಮಾನ್ನೇ ಮುಟ್ಟಂಗಿಲ್ವಂತೆ. ಅಪ್ಪಣೆ ಬೇಕಂತೆ. ಸರ್ಕಾರವೇ ಕಾಯ್ತದಂತೆ!" ತಮ್ಮಪ್ಪನೇ ಕಟ್ಟಿದ್ದೇನೋ ಎಂಬ ಹೆಮ್ಮೆ. "ನಿಮ್ಮನೆ ಮುಂದ್ಕೆ ಇಂಥದೊಂದು ಇಡ್ತೀನಿ, ಬ್ಯಾಡ ಅನ್ಬೇಡಿ."

ನಾನು ಹೂಂ ಅಂದೆ. ಒಂದು ತಿಂಗಳು ಆ ಕಲ್ಲನ್ನು ಬೇರೆ ಯಾರಿಗೂ ಮುಟ್ಟಗೊಡದೆ ಅವರೊಬ್ಬರೇ ಕೆತ್ತಿದರು.

ಕಿಟಕಿ ನಿಂತ ದಿನವೇ ಫಜೀತಿ ಶುರುವಾಯಿತು. ಸ್ಟೇಷನ್ನಿಗೆ ಹೋಗುವವರು ನಿಂತು ನೋಡಿ, ಯಾವಾಗ ಮತ ಬದಲಾಯಿಸಿದಿರಿ ಅನ್ನತೊಡಗಿದರು. ಗಣಿ ಕಡೆಯ ಕೋರಮಂಡಲ್‌ನಿಂದ ಬಂದಿದ್ದ ಒಂದು ಕುಟುಂಬ ಭಾನುವಾರದ ಪ್ರಾರ್ಥನೆ ಎಷ್ಟು ಗಂಟೆಗೆ ಎಂದು ಮರ್ಯಾದೆಯಿಂದಲೇ ವಿಚಾರಿಸಿತು. ನನಗೆ ನಗು. ಅತ್ತೆಗೆ ಉರಿದುಹೋಯಿತು.

"ಆ ಸಿಲುವೆ ಕಿತ್ತಾಕ್ಸು. ಇಲ್ದಿದ್ರೆ ನಾನು ಗೃಹಪ್ರವೇಶಕ್ಕೆ ಕಾಲಿಕ್ಕಾಕಿಲ್ಲ," ಅಂದರು.

ನನ್ನ ಯಜಮಾನರು ಎಂದಿನಂತೆ ಪೇಪರಿನೊಳಗೆ ಮುಖ ಮುಚ್ಚಿಕೊಂಡರು. ಮೇಸ್ತ್ರಿ ಉಳಿ ಕೆಳಗಿಟ್ಟರು. ಮೂವತ್ತು ವರ್ಷದ ಮೇಲೆ ತಮ್ಮದು ಅಂತ ಇಟ್ಟ ಒಂದೇ ಕಲ್ಲು. ಅವರ ಮುಖ ನೋಡಲಾರದೆ ನಾನು ಪಕ್ಕದಲ್ಲೇ ನಾವಿದ್ದ ಬಾಡಿಗೆ ಮನೆಯೊಳಗೆ ಹೋದೆ.

ಅತ್ತೆ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಿದ್ದರು. ಮೇಸ್ತ್ರಿ ಬಂದು ಬಾಗಿಲ ಬಳಿ ಕೂತರು. ಕಟ್ಟಡ ಶುರುವಾದಂದಿನಿಂದ ಅವರಿಗೆ ಮಧ್ಯಾಹ್ನದ ಊಟ ಅತ್ತೆಯ ಕೈಯದೇ. ಅತ್ತೆ ಹಿಟ್ಟಿನ ಮೇಲೆ ಎರಡು ಗೀರು ಎಳೆದರು.

"ದಿನಾ ಇಟ್ಟಿನ ಮ್ಯಾಲೆ ಸಿಲುವೆ ಗೀಚ್ತೀರಲ್ಲಮ್ಮಾ," ಅಂದರು ಮೇಸ್ತ್ರಿ ಮೆಲ್ಲಗೆ. "ನಿಮ್ದೂ ಕಿರಿಸ್ತಾನ್ರ ಇಟ್ಟಾ?"

"ಥೂ, ಅದು ಆವಿ ಓಗಾಕೆ ಕಣಯ್ಯಾ!"

"ನಂದೂ ಗಾಳಿ ಆಡಾಕೇನೇ, ತಾಯಿ."

ಅತ್ತೆ ಕೋಲು ನೋಡಿದರು, ಪಾತ್ರೆ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ನಗು ಬೀದಿಗೆ ಕೇಳಿಸಿರಬೇಕು. ಗೃಹಪ್ರವೇಶದ ದಿನ ಆ ಕಲ್ಲುಪಟ್ಟಿಗೆ ಅವರೇ ಅರಿಶಿನ ಕುಂಕುಮ ಹಚ್ಚಿದರು. ಅಂದಿನಿಂದ ಅದು ಹಿಟ್ಟಿನ ಕಿಟಕಿ. ನಮ್ಮದು ಹಿಟ್ಟಿನ ಕಿಟಕಿಯವರ ಮನೆ.

ಆಮೇಲೂ ಮೇಸ್ತ್ರಿ ಆಗಾಗ ರೈಲಿಳಿದು ಬರುವರು. ಎಷ್ಟು ಕರೆದರೂ ಒಳಗೆ ಬಾರದೆ ಬೀದಿಯಲ್ಲೇ ನಿಂತು ಕಿಟಕಿ ನೋಡಿ ಹೋಗುವರು. ಕೊನೆಯ ಸಲ ಬಂದಾಗ ಕಾರ್ಡನ್ನು ನನ್ನ ಕೈಗಿಟ್ಟರು.

"ಇನ್ನ ಇದು ನನ್ಗ್ಯಾಕೆ, ನಂದು ಇಲ್ಲೈತೆ. ಅಲ್ಲೀದ್ನ ಸರ್ಕಾರ ಕಾಯ್ತದೆ. ಇದ್ನ ನೀವ್ ಕಾಯ್ರಮ್ಮಾ."

ಹೂಂ ಅಂದೆ. ಮತ್ತೆ ಅವರು ಬರಲಿಲ್ಲ...

ಮುಂದಿನ ಕೋಣೆಯನ್ನು ಮಕ್ಕಳು ಬಾಡಿಗೆಗೆ ಕೊಟ್ಟರು, ಈಗ ಕಿಟಕಿ ಇದ್ದಲ್ಲಿ ಮೊಬೈಲ್ ಅಂಗಡಿಯ ಶಟರ್ ಇದೆ. ಕಲ್ಲುಪಟ್ಟಿ ಇಡಿಯಾಗಿ ಬರಲೇ ಇಲ್ಲ, ಅಷ್ಟು ಗಟ್ಟಿಯಾಗಿ ಮೇಸ್ತ್ರಿ ಕೂರಿಸಿದ್ದರು. ಒಡೆದೇ ತೆಗೆದರು. ನಿನ್ನೆ ಮುದ್ದೆ ಇಳಿಸಿ, ಟ್ರಂಕಿನಿಂದ ಕಾರ್ಡು ತೆಗೆದು ನೋಡಿದೆ. ಆ ದೂರದ ಮನೆ ಈಗಲೂ ನಿಂತಿರಬೇಕು, ಅಪ್ಪಣೆಯಿಲ್ಲದೆ ಮುಟ್ಟುವಂತಿಲ್ಲವಲ್ಲ. ನಮ್ಮ ಕಿಟಕಿ ಒಡೆಯುವ ಮುಂಚೆಯೂ ಮಕ್ಕಳು ಅಪ್ಪಣೆ ಕೇಳಿದ್ದರು. ಕೇಳಿದ್ದು ನನ್ನನ್ನೇ. ಹೂಂ ಅಂದಿದ್ದೆ.